ತಿಮಾರೆತೆಯ ಮಡಿಲು

ಗ್ರೀಕರ ಎರೆಟ್ರಿಯಾ ಊರಿನ ಕಡಲದಂಡೆಯಲ್ಲಿ ತಿಮಾರೆತೆಯನ್ನು ಹುಡುಕಲು ಕಣ್ಣು ಬೇಕಿರಲಿಲ್ಲ, ಮೂಗು ಸಾಕಿತ್ತು. ಶಂಖದ ಹುಳುಗಳನ್ನು ಜಜ್ಜಿ, ಉಪ್ಪುನೀರಲ್ಲಿ ಕೊಳೆಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ ನೇರಳೆ ಬಣ್ಣ ತೆಗೆಯುವುದು ಅವಳ ಕಸುಬು. ಆ ಬಣ್ಣದ ಅಂಚಿನ ಬಟ್ಟೆ ಉಟ್ಟು ಮೆರೆಯುವ ಮಂದಿ ಅದು ಬೇಯುವಾಗ ಮಾತ್ರ ಮೂಗು ಮುಚ್ಚಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ಅವಳ ಕೈಗಳು ಮೊಣಕೈವರೆಗೂ ನೇರಳೆ. ಮದುವೆಯ ದಿನ ಎಷ್ಟು ಉಜ್ಜಿದರೂ ಬಣ್ಣ ಬಿಡಲಿಲ್ಲ. ಮದುಮಗ ಲಾಂಪೋನ್ ಅವಳ ಮಣಿಕಟ್ಟು ಹಿಡಿದು ನಕ್ಕ.

"ನೀನು ಎಲ್ಲಾದ್ರೂ ಕಳೆದುಹೋದ್ರೂ ಚಿಂತೆ ಇಲ್ಲ ಬಿಡು. ಕೈ ನೋಡಿ ಗುರುತು ಹಿಡಿದು ತಂದುಕೊಡ್ತಾರೆ."

ಕಳೆದುಹೋದವನು ಅವನೇ. ಮದುವೆಯಾಗಿ ವರ್ಷ ತುಂಬುವ ಮೊದಲೇ ಪಾರಸಿಕರ ಹಡಗುಗಳು ಬಂದವು. ಲಾಂಪೋನ್ ಹೆಂಡತಿಯನ್ನೂ ತಾಯಿ ಮಿಕ್ಕಳನ್ನೂ ಆಡುಗಳ ಜೊತೆ ಗುಡ್ಡಕ್ಕೆ ಅಟ್ಟಿ ತಾನು ಕೋಟೆಯ ಗೋಡೆ ಹತ್ತಿದ. ಗೋಡೆ ಗಟ್ಟಿಯಾಗಿಯೇ ಇತ್ತು; ಊರಿನ ದೊಡ್ಡ ಮನುಷ್ಯರೇ ಒಳಗಿನಿಂದ ಬಾಗಿಲು ತೆಗೆದುಕೊಟ್ಟರು. ಅವರ ಹೆಸರು ಎತ್ತಿದರೆ ಬಾಯಿ ತೊಳೆದುಕೊಳ್ಳಬೇಕು, ಬೇಡ. ಅಪೋಲೋ ದೇವರ ಗುಡಿ ಉರಿಯುವುದನ್ನು ಅತ್ತೆ ಸೊಸೆ ಗುಡ್ಡದ ಮೇಲಿಂದ ಕಂಡರು. ಆಮೇಲೆ ಊರಿಗೆ ಊರನ್ನೇ ಹಗ್ಗ ಕಟ್ಟಿ ಹಡಗಿನತ್ತ ನಡೆಸಿದರು. ಅಷ್ಟು ಎತ್ತರದಿಂದ ಜನವೆಲ್ಲ ಇರುವೆ ಸಾಲು. ಅದರಲ್ಲಿ ತನ್ನವನು ಯಾರೆಂದು ತಿಮಾರೆತೆ ಕತ್ತಲಾಗುವವರೆಗೂ ಹುಡುಕಿದಳು.

ಮುಂದಿನ ಹತ್ತು ವರ್ಷ ಅವಳಿಗೆ ಹಬೆಯೊಳಗೆ ಕಳೆದಂತೆ ಕಳೆಯಿತು. ಸುಟ್ಟ ಕಲ್ಲುಗಳನ್ನೇ ಆರಿಸಿ ಒಂದು ಗುಡಿಸಲು ಕಟ್ಟಿಕೊಂಡರು. ಹಂಡೆಯ ಮುಂದೆ ಕೂತಿದ್ದಂತೆ ಸಂಜೆಯಾಗುತ್ತಿತ್ತು, ಕಡಲಿನ ಬಣ್ಣವೂ ಹಂಡೆಯ ಬಣ್ಣವೂ ಒಂದಾಗುತ್ತಿತ್ತು. ಆಗ ಹಬೆಯ ಆಚೆ ಲಾಂಪೋನ್ ನಿಂತಿರುತ್ತಿದ್ದ, ಒದ್ದೆ ಕಾಲಲ್ಲಿ, ಹೆಗಲ ಮೇಲೆ ಬಲೆ. ಎಚ್ಚರವೋ ಕನಸೋ ಅವಳು ವಿಚಾರಿಸಲು ಹೋಗುತ್ತಿರಲಿಲ್ಲ. ವಿಚಾರಿಸಿದರೆ ಎಲ್ಲಿ ಹೊರಟುಬಿಡುತ್ತಾನೋ ಎಂದು ಸುಮ್ಮನೆ ಬೆಂಕಿ ಸರಿಮಾಡುತ್ತಿದ್ದಳು. ಮಿಕ್ಕಳಿಗೆ ಈ ಗೊಂದಲವೇ ಇರಲಿಲ್ಲ. ಮಗ ಮೀನಿಗೆ ಹೋಗಿದ್ದಾನೆ, ಎದುರುಗಾಳಿ ಇದೆ, ತಡವಾಗಿದೆ, ಅಷ್ಟೆ.

ಪಾರಸಿಕರು ಎರಡನೆಯ ಸಲ, ಈಗ ದೊರೆಯೇ ಮುಂದಾಗಿ, ದಂಡೆತ್ತಿ ಬಂದು ಸಲಾಮಿಸ್ಸಿನ ನೀರಲ್ಲಿ ಹಡಗು ಕಳೆದುಕೊಂಡು ಹಿಂತಿರುಗಿದಾಗ ಊರಿಗೆ ಊರೇ ಕುಣಿಯಿತು. ಯುದ್ಧ ಮುಗಿಯಿತು ಎಂದರೆ ಕಾಯುವುದೂ ಮುಗಿಯಿತು ಎಂದೇ ಅರ್ಥ. ಇನ್ನೂ ಬಾರದವರು ಬರುವುದಿಲ್ಲ. ಹಿರಿಯರ ಮಾತು ಕೇಳಿ ತಿಮಾರೆತೆ ಗಂಡನ ಕ್ರಿಯೆ ಮಾಡಿದಳು. ಕೂದಲು ಕತ್ತರಿಸಿಕೊಂಡಳು, ಹೆಣದ ಬದಲು ಅವನ ಹಳೆಯ ಹೊದಿಕೆಯನ್ನು ಗೋರಿಯೊಳಗಿಟ್ಟಳು, ಕಡಲಿನತ್ತ ಮುಖ ಮಾಡಿ ಮೂರು ಸಲ ಅವನ ಹೆಸರು ಕೂಗಿದಳು. ಅತ್ತೆ ಮಿಕ್ಕ ಮಾತ್ರ ಒಂದು ಹಿಡಿ ಮಣ್ಣೂ ಹಾಕಲಿಲ್ಲ, ಬೆನ್ನು ತಿರುಗಿಸಿ ನಿಂತಿದ್ದಳು.

ಆಮೇಲಿನ ದಿನಗಳೇ ತಿಮಾರೆತೆಯ ಸುಖದ ದಿನಗಳೆಂದರೆ ಯಾರೂ ನಂಬಲಾರರು. ಸಂಜೆ ಗೋರಿಗೆ ಎಣ್ಣೆ, ಜವೆ ರೊಟ್ಟಿ ಒಯ್ದು ಪಕ್ಕದಲ್ಲಿ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಹೇಳಿದ್ದನ್ನು ಅಡ್ಡಬಾಯಿ ಹಾಕದೆ ಕೇಳುವ ಗಂಡ ಊರಲ್ಲಿ ಇನ್ನೊಬ್ಬಳಿಗೆ ಇರಲಿಲ್ಲ. ಅವನಿಗೆ ವಯಸ್ಸೂ ಆಗುತ್ತಿರಲಿಲ್ಲ.

ಒಂದು ವಸಂತದ ಸಂಜೆ ಗೋರಿಯ ಮೇಲೆ ಯಾರೋ ಕೂತಿದ್ದರು. ನರೆತ ಗಡ್ಡ, ಬಾಗಿದ ಬೆನ್ನು, ಅಂಗೈ ಬೆರಳುಗಳಿಗೆಲ್ಲ ಹತ್ತಿದ ಡಾಂಬರು. ಅವನು ಅವಳ ನೇರಳೆ ಕೈಗಳನ್ನೂ ಕೈಯಲ್ಲಿದ್ದ ಕುಡಿಕೆಯನ್ನೂ ನೋಡಿದ.

"ಈ ಎಣ್ಣೆ ನನಗೇ ತಂದದ್ದಾ?" ಎಂದು ಕೇಳಿ ನಕ್ಕ. ಆ ನಗು ಒಂದನ್ನು ಪಾರಸಿಕರು ಕಿತ್ತುಕೊಂಡಿರಲಿಲ್ಲ.

ಅವನು ಹೇಳಿದ್ದು ಇಷ್ಟು. ಪಾರಸಿಕರ ಸೂಸಾ ಪಟ್ಟಣದ ಆಚೆ ಒಂದು ಬಾವಿ, ಅದರಲ್ಲಿ ನೀರಿಲ್ಲ, ಕರೀ ಡಾಂಬರು. ಎರೆಟ್ರಿಯಾದವರನ್ನೆಲ್ಲ ಅಲ್ಲಿ ಕೂರಿಸಿ ಸೇದಿಸಿದರು. ದೊರೆ ದಂಡೆತ್ತಿ ಹೊರಟಾಗ ಹಡಗುಗಳಿಗೆ ಡಾಂಬರು ಬಳಿಯಲು ಇವನನ್ನೂ ಎಳೆತಂದರು. ಸೋತು ಓಡುವಾಗ ಜ್ವರದಲ್ಲಿ ಮಲಗಿದ್ದವನನ್ನು ದಾರಿಯಲ್ಲೇ ಬಿಟ್ಟರು. ನಡೆದು ನಡೆದು, ಕೊನೆಗೆ ಒಂದು ಉಪ್ಪಿನ ದೋಣಿ ಹತ್ತಿ ಬಂದ. ನಮ್ಮವರನ್ನು ಕೊಲ್ಲಲು ಬಂದ ಹಡಗುಗಳಿಗೆ ನಾನೇ ಬಳಿದೆ ಎನ್ನುವಾಗ ಅವನು ತಲೆ ಎತ್ತಲಿಲ್ಲ. ಚಾವಟಿ ಹಿಡಿದವರು ಮಾಡಿಸಿದ್ದಕ್ಕೆ ನೀವೇನು ಮಾಡ್ತೀರಿ ಎಂದಳು ತಿಮಾರೆತೆ. ಆದರೆ ಮನೆಗೆ ಬನ್ನಿ ಎಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ.

ಹೊರಡುವಂತಿರಲಿಲ್ಲ. ಕ್ರಿಯೆ ಮುಗಿದವನು ಸತ್ತವನೇ. ಅಂಥವನು ಹೊಸಿಲು ದಾಟಿದರೆ ಒಲೆಯ ಬೆಂಕಿಗೆ ಮೈಲಿಗೆ, ದೋಣಿ ಮುಟ್ಟಿದರೆ ಮೀನು ಬೀಳುವುದಿಲ್ಲ, ಹೊಸದಾಗಿ ಕಟ್ಟಿದ ಗುಡಿಯ ಅಂಗಳಕ್ಕೂ ಪ್ರವೇಶವಿಲ್ಲ. ಊರಿನವರು ಕೆಟ್ಟವರಲ್ಲ, ಅತ್ತು ಸ್ವಾಗತಿಸಿ, ತಮ್ಮ ದೋಣಿಗಳನ್ನು ಮಾತ್ರ ದೂರ ಎಳೆದುಕೊಂಡರು. ಲಾಂಪೋನ್ ಒಂದು ಮುರುಕು ದೋಣಿಯ ಅಡಿ ಮಲಗತೊಡಗಿದ. ಅದೇ ಎಣ್ಣೆ, ಅದೇ ರೊಟ್ಟಿಯನ್ನು ತಿಮಾರೆತೆ ಮಾರು ದೂರದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು.

ದಾರಿಯೇ ಇಲ್ಲವೆಂದಲ್ಲ. ಅಪೋಲೋ ಗುಡಿಯ ಪೂಜಾರಿ ಬಿಡಿಸಿ ಹೇಳಿದ: ಸತ್ತವನು ಮತ್ತೆ ಹುಟ್ಟಬೇಕು. ಕ್ರಿಯೆ ಮಾಡಿದ ಮನೆಯ ಹೆಂಗಸೇ ಅವನನ್ನು ಮಡಿಲಿಗೆ ಹಾಕಿಕೊಂಡು, ಎರೆದು, ಕೂಸಿಗೆ ಸುತ್ತುವಂತೆ ಬಟ್ಟೆ ಸುತ್ತಿ ಎದೆಗೆ ಹಿಡಿಯಬೇಕು. ಅಲ್ಲಿಗೆ ಅವನು ಬದುಕಿದವನು.

"ಆದ್ರೆ ನೋಡಮ್ಮ," ಎಂದ ಪೂಜಾರಿ, "ಮಡಿಲು ಕೊಟ್ಟವಳು ತಾಯಿ. ದೇವರ ಮುಂದೆ ತಾಯಿ ಅಂದ್ಮೇಲೆ ಕೊನೇ ತನಕ ತಾಯಿನೇ. ನೀನು ಕೊಟ್ರೆ ಹಾಸಿಗೆ ಬೇರೆ ಆಗ್ತದೆ. ಅತ್ತೆ ಇದ್ದಾಳಲ್ಲ, ಅವಳನ್ನ ಕರ್ಕೊಂಡ್ಬಾ."

ತಿಮಾರೆತೆ ಹಗುರಾಗಿ ಓಡಿದಳು. ಮಿಕ್ಕಳನ್ನು ಕೈಹಿಡಿದು ದಂಡೆಗೆ ಕರೆತಂದಳು. ಮುದುಕಿ ಲಾಂಪೋನನ ಗಡ್ಡವನ್ನು ಮುಟ್ಟಿ, ಕೆನ್ನೆ ಸವರಿ, ಮರುಗಿದಳು.

"ಪಾಪ, ಯಾರ ಮನೆಯ ಹಿರಿಯರೋ. ಒಂದು ತುತ್ತು ಹಾಕಿ ಕಳಿಸು ಹುಡುಗಿ."

"ಅವ್ವಾ, ನಾನು ಕಣವ್ವ."

"ನನ್ನ ಮಗನಿಗೆ ಈಗಷ್ಟೇ ಮೀಸೆ ಚಿಗುರಿದೆ ಅಜ್ಜಾ," ಎಂದಳು ಮಿಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವನ ಹೆಸರು ಹಿಡ್ಕೊಂಡು ಹಂಗೆಲ್ಲ ಹೇಳ್ಬಾರ್ದು."

ಬೇಸಿಗೆಯುದ್ದಕ್ಕೂ ತಿಮಾರೆತೆ ಅತ್ತೆಯನ್ನು ದಂಡೆಗೆ ಕರೆತಂದಳು. ಮಗ ಸತ್ತನೆಂಬುದನ್ನು ನಂಬದಿದ್ದವಳು ಬಂದನೆಂಬುದನ್ನೂ ನಂಬಲಿಲ್ಲ. ಮಳೆ ಶುರುವಾಯಿತು, ದೋಣಿಯ ಅಡಿಯಿಂದ ಕೆಮ್ಮು ಕೇಳಿಸತೊಡಗಿತು. ಒಂದು ಬೆಳಿಗ್ಗೆ ಲಾಂಪೋನ್ ಉಪ್ಪಿನ ದೋಣಿ ಮತ್ತೆ ಬಂದರೆ ಹೊರಟುಬಿಡುತ್ತೇನೆ ಎಂದ.

"ಅಲ್ಲಿ ನನ್ನನ್ನ ಹೊಡೀತಿದ್ರು ತಿಮಾರೆತೆ. ಆದ್ರೆ ಬದುಕಿದ್ದೀನಿ ಅಂತ ಹೊಡೀತಿದ್ರು."

ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕನಸಿನಲ್ಲಿದ್ದ ಹುಡುಗನಲ್ಲ, ಈ ಕೆಮ್ಮುವ, ಡಾಂಬರು ವಾಸನೆಯ ಗಂಡಸೇ ಅವಳಿಗೆ ಬೇಕಾಗಿದ್ದ. ಅವನ ಪಕ್ಕ ಒಂದೇ ಹೊದಿಕೆಯಲ್ಲಿ ಮಲಗಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಆದರೂ ಮನೆಗೆ ಹೋಗಿ ತಾನೇ ಬಣ್ಣ ಹಾಕಿದ ಉಣ್ಣೆಯ ಬಟ್ಟೆ ತೆಗೆದಳು, ನೀರು ಕಾಯಿಸಿದಳು, ಪೂಜಾರಿಗೆ ಹೇಳಿಕಳಿಸಿದಳು.

ದಂಡೆಯಲ್ಲಿ ಮಂಜು ಇತ್ತು. ಅವಳು ಕಾಲು ಚಾಚಿ ಕೂತು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಏನು ನಡೆಯುತ್ತಿದೆಯೆಂದು ತಿಳಿದು ಅವನು ಏಳಲು ನೋಡಿದ; ಅವಳು ಬಿಡಲಿಲ್ಲ. ಬೆನ್ನಿನ ಬಾಸುಂಡೆಗಳ ಮೇಲೆ ಮೆಲ್ಲಗೆ ಎರೆದಳು. ಕೈಯ ಡಾಂಬರು ಹೋಗಲಿಲ್ಲ, ಹಾಗೆಯೇ ಸುತ್ತಿದಳು. ಎದೆಗೆ ಹಿಡಿದುಕೊಂಡಾಗ ಹುಟ್ಟಿದ ಮಗು ಅಳಬೇಕು ಎಂದ ಪೂಜಾರಿ. ಹೇಳಿಸಿಕೊಳ್ಳುವ ಮೊದಲೇ ಲಾಂಪೋನ್ ಅಳುತ್ತಿದ್ದ.

"ಆಯ್ತು, ಆಯ್ತು ಮಗಾ," ಎಂದಳು ತಿಮಾರೆತೆ. ಆ ಮಾತು ಬಾಯಿಂದ ಹೊರಟಿದ್ದೇ ಅವಳೂ ಅತ್ತಳು.

ಬಟ್ಟೆ ಸುತ್ತಿಕೊಂಡೇ ಅವನು ಹೊಸಿಲು ದಾಟಿ, ಒಲೆಯ ಪಕ್ಕ ಮುದುಡಿ ನಿದ್ದೆಹೋದ. ಅತ್ತೆ ಮಿಕ್ಕ ಅವನನ್ನು ನೋಡಿದಳು, ಸೊಸೆಯ ಒದ್ದೆ ಎದೆಯನ್ನು ನೋಡಿದಳು. ಅವಳ ಮುಖ ಅರಳಿತು.

"ಹೆತ್ತೆಯಾ ತಾಯಿ? ಲಾಂಪೋನ್ ಬರ್ಲಿ ಇರು. ಮಗನ್ನ ನೋಡಿ ಎಷ್ಟು ಖುಷಿಪಡ್ತಾನೋ."

"ಹೂಂ ಅತ್ತೆ," ಎಂದು ತಿಮಾರೆತೆ ತನ್ನ ಹಾಸಿಗೆಯನ್ನು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡಳು.