ಸಂಜೆಗೊಂದು ಗೆರೆ ಇಳಿಯುವ ಹೊಳೆ

ನಮ್ಮ ಅತ್ತೆಯ ಕೆಲಸ ಹೊಳೆಯ ನೀರಿನ ಮಟ್ಟ ನೋಡುವುದು. ಸೇತುವೆಯ ಕಂಬದ ಪಕ್ಕ ನೀರಿನಲ್ಲಿ ಕಪ್ಪು ಬಿಳಿ ಗೆರೆಗಳ ಅಳತೆಪಟ್ಟಿ ನಿಂತಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳು ಚಪ್ಪಲಿ ಬಿಟ್ಟು ನೀರಿಗಿಳಿಯುತ್ತಾಳೆ. ತನ್ನ ಕಾಲಿನಿಂದ ಎದ್ದ ಅಲೆ ಅಡಗುವವರೆಗೆ ಕದಲುವುದಿಲ್ಲ. ಆಮೇಲೆ ಕಣ್ಣು ನೀರಿನ ಸಮಕ್ಕೆ ಬರುವಷ್ಟು ಬಗ್ಗಿ ಗೆರೆ ಓದಿ, ನೀರಾವರಿ ಕಚೇರಿಗೆ ಫೋನ್ ಮಾಡುತ್ತಾಳೆ. ಊರಿನವರು ಅವಳನ್ನು ಕೊಕ್ಕರೆ ಎನ್ನುತ್ತಾರೆ. ಅವಳಿಗೆ ಬೇಜಾರೇನಿಲ್ಲ.

ಒಂದು ಬೇಸಿಗೆಯಲ್ಲಿ ಹೊಳೆ ಸೊರಗಿತು. ಯಾರೂ ಪಂಪು ಹಾಕಬಾರದೆಂದು ಆದೇಶವಾಯಿತು. ಆದರೂ ದಿನಾ ಸಂಜೆ ನೀರು ಒಂದು ಗೆರೆ ಇಳಿದಿರುತ್ತಿತ್ತು, ಬೆಳಗಾಗುವಷ್ಟರಲ್ಲಿ ಮತ್ತೆ ಏರಿರುತ್ತಿತ್ತು. ಹಗಲು ಯಾರೋ ನೀರೆತ್ತುತ್ತಿದ್ದಾರೆ ಎಂದು ಅತ್ತೆಗೆ ಖಾತ್ರಿಯಾಯಿತು. ಸೇತುವೆಯಿಂದ ಮೇಲಕ್ಕೆ ಪಂಪು ಇದ್ದದ್ದು ಒಬ್ಬರಿಗೆ ಮಾತ್ರ. ಅದು ಅವಳ ತಮ್ಮ, ಸಸಿ ಬೆಳೆಸಿ ಮಾರುವ ನಮ್ಮಪ್ಪ. ಕಚೇರಿಗೆ ಅನುಮಾನ ಬಂದರೆ ಅವನ ಪಂಪಿನ ಪರವಾನಗಿ ಹೋಗುತ್ತಿತ್ತು. ಅದಕ್ಕೇ ಅವಳು ಅಳತೆಯನ್ನಷ್ಟೇ ಹೇಳಿ, ಹೀಗೇಕೆ ಎಂದು ಕೇಳದೆ ಫೋನ್ ಇಡುತ್ತಿದ್ದಳು.

ಕೊನೆಗೆ ತಾನೇ ಬಂದು ಅಪ್ಪನ ಎದುರು ನಿಂತಳು.

“ನಿಜ ಹೇಳೋ. ಕದ್ದುಮುಚ್ಚಿ ಮೋಟರ್ ಹಾಕ್ತಿದ್ದೀಯಾ?”

“ಬಾವಿಯಿಂದ ಕೊಡ ಹೊತ್ತು ಹೊತ್ತು ಭುಜ ಬಿದ್ದುಹೋಗಿದೆ, ಬಂದ್ಬಿಟ್ಲು ಪೊಲೀಸಮ್ಮ!” ಅಪ್ಪ ಪಂಪಿನ ಬೆಲ್ಟ್ ಕಳಚಿ ಅವಳ ಕೈಗೆ ತುರುಕಿದ. “ತಗೊ. ದಿಂಬಿನ ಕೆಳಗಿಟ್ಕೊಂಡು ಮಲ್ಕೊ.”

ಬೆಲ್ಟ್ ಇಲ್ಲದೆ ಆ ಪಂಪು ತಿರುಗದು. ಮರುದಿನ ಸಂಜೆಯೂ ಹೊಳೆ ಒಂದು ಗೆರೆ ಇಳಿದಿತ್ತು.

ಈಗ ಅತ್ತೆಯ ತಲೆಗೆ ಹುಳ ಹೊಕ್ಕಿತು. ದಡದುದ್ದಕ್ಕೂ ಪೊದೆ ಸರಿಸಿ ಪೈಪು ಹುಡುಕಿದಳು, ಸಿಗಲಿಲ್ಲ. ಒಂದು ದಿನ ಮೋಡ ಮುಸುಕಿತು. ಒಂದು ಹನಿಯೂ ಬೀಳಲಿಲ್ಲ, ನೀರು ಇಳಿಯಲೂ ಇಲ್ಲ. ಬಿಸಿಲು ಮರಳಿದಾಗ ಮತ್ತೆ ಇಳಿಯಿತು. ಬಿಸಿಲಿದ್ದರೆ ಮಾತ್ರ ಕದಿಯುವ ಈ ಕಳ್ಳ ಯಾರು? ಯೋಚಿಸುತ್ತಾ ದಡದ ಮರದ ಕೆಳಗೆ ಕೂತಳು. ಸುತ್ತ ಹುಲ್ಲು ಒಣಗಿ ಗರಿಗರಿಯಾಗಿತ್ತು. ತಲೆಯ ಮೇಲಿನ ಎಲೆಗಳು ಮಾತ್ರ ಹಚ್ಚಗೆ ಹೊಳೆಯುತ್ತಿದ್ದವು. ಮರದ ಬೇರು ನೇರ ನೀರಿಗಿಳಿದಿತ್ತು.

ತಮ್ಮನ ಬೆಲ್ಟ್ ತನ್ನ ಬಳಿ ಇದ್ದ ಧೈರ್ಯದಿಂದ ಕಚೇರಿಯ ಎಂಜಿನಿಯರರನ್ನು ಕೇಳಿದಳು.

“ಹೌದಮ್ಮ, ಹಗಲು ಮರಗಳು ಕುಡೀತವೆ. ಹೊಳೆ ಸಣ್ಣಗಾದಾಗ ಅದು ಪಟ್ಟೀಲೂ ಕಾಣುತ್ತೆ. ಮೊದಲೇ ಕೇಳಿದ್ರೆ ಹೇಳ್ತಿದ್ನಲ್ಲ!”

ಅತ್ತೆ ಬೆಲ್ಟ್ ಹಿಡಿದು ನಮ್ಮಲ್ಲಿಗೆ ಬಂದಳು. ಸಸಿಗಳಿಗೆ ಬಾವಿ ನೀರು ಹಾಕುತ್ತಿದ್ದ ಅಪ್ಪ ತಲೆಯೆತ್ತದೆ ಕೇಳಿದ, “ಸಿಕ್ಕಿದ್ನಾ ನಿನ್ನ ಕಳ್ಳ?”

“ಸಿಕ್ಕಿದ. ದಡದ ಉದ್ದಕ್ಕೂ ನಿಂತಿದ್ದಾನೆ. ಅದರಲ್ಲಿ ಅರ್ಧ ನೀನೇ ನೆಟ್ಟಿದ್ದು.”

“ಅಂದ್ರೆ ಕೊನೆಗೂ ನಾನೇ ಕಳ್ಳ ಅನ್ನು!”

ಅತ್ತೆ ಬೆಲ್ಟನ್ನು ಗೋಡೆಯ ಮೊಳೆಗೆ ತಗುಲಿಸಿ, ಖಾಲಿ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದಳು.