ಬಾಗಿಲಮ್ಮನ ಬಿಸಿ ಕಂಬಳಿ

ಆಕೆ ಮೊದಲ ಸಲ ಸಲೂನಿಗೆ ಬಂದದ್ದು ಕೂದಲು ಕತ್ತರಿಸಿಕೊಳ್ಳುವುದಕ್ಕಲ್ಲ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಸಲೂನಿನವನು ಒದ್ದೆ ಟವೆಲುಗಳನ್ನು ಸುರುಳಿ ಸುತ್ತಿ ಹಬೆ ಪಾತ್ರೆಯಲ್ಲಿ ಜೋಡಿಸುತ್ತಿದ್ದ. ಗಾಜಿನ ಬಾಗಿಲನ್ನು ಯಾರೋ ಭುಜದಿಂದ ತಳ್ಳಿದರು. ತಿರುಗಿ ನೋಡಿದರೆ, ಆ ಬಿಸಿಲಿನಲ್ಲೂ ಮೊಣಕಾಲಿನವರೆಗೆ ಇಳಿದ ದಪ್ಪ ಕೋಟು ತೊಟ್ಟ ಒಬ್ಬ ಹುಡುಗಿ. ಕೈಗಳೆರಡನ್ನೂ ಕಂಕುಳಲ್ಲಿ ಅವುಚಿಕೊಂಡಿದ್ದಳು. ಹುಬ್ಬಿನ ಮೇಲಿದ್ದ ಮಂಜು ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಎದುರು ಸಾಲಿನ ಕೋಲ್ಡ್ ಸ್ಟೋರೇಜಿನವಳು ಎಂದು ಕೇಳದೆಯೇ ತಿಳಿಯಿತು.

"ಇವ್ರೇ, ಸ್ವಲ್ಪ ಹೊತ್ತು ಆ ಹಬೆ ಮೇಲೆ ಕೈ ಹಿಡ್ಕೊಳ್ಲಾ?"

ಅಣ್ಣ ಎನ್ನಲಿಲ್ಲ ಎಂಬುದನ್ನು ಅವನು ಆಗಲೇ ಗಮನಿಸಿದ.

"ಹಬೆ ಬೇಡ, ಸುಡತ್ತೆ. ಮರಗಟ್ಟಿರೋ ಕೈಗೆ ಸುಟ್ಟಿದ್ದು ಗೊತ್ತಾಗಲ್ಲ," ಎಂದು ಒಂದು ಟವೆಲು ತೆಗೆದು, ಕೊಡವಿ, ತನ್ನ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ, ಉಗುರುಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆ ಅವಳ ಎರಡು ಕೈಗಳಿಗೂ ಸುತ್ತಿದ. ಅವಳು ಕಣ್ಣು ಮುಚ್ಚಿದಳು.

"ಎಷ್ಟಾಯ್ತು?"

"ಮುಖಕ್ಕಾದ್ರೆ ದುಡ್ಡು. ಕೈಗೆ ಪುಕ್ಕಟೆ."

"ಹಾಗಾದ್ರೆ ನಾಳೆ ಇನ್ನೊಂದ್ಸಲ ಬರ್ತೀನಿ," ಎಂದಳು. ಬಂದಳು. ಬರುತ್ತಲೇ ಇದ್ದಳು. ಕೊನೆಗೆ ಅವನ ಅಮ್ಮ, "ದಿನಾ ಟವೆಲು ಒಗೆಯೋದಕ್ಕಿಂತ ಮನೆಗೇ ಕರ್ಕೊಂಡು ಬಾರೋ," ಎಂದು ಹೇಳಬೇಕಾಯಿತು.

ಮದುವೆಯಾದ ಮೇಲೂ ಆಕೆ ಕೆಲಸ ಬಿಡಲಿಲ್ಲ. ಮೊದಲು ಪೆಟ್ಟಿಗೆ ಹೊತ್ತಳು, ಆಮೇಲೆ ಅವನ್ನು ಒಳಗೆ ಅಟ್ಟಿ ಜೋಡಿಸಿದಳು, ವಯಸ್ಸು ಏರಿದಂತೆ ಬಾಗಿಲು ಕಾಯುವವಳಾದಳು. ಅಲ್ಲಿ ಒಂದು ಕಟ್ಟುಪಾಡಿತ್ತು. ಮಂಜಿನ ಕೋಣೆಯೊಳಗೆ ಹೋದವರನ್ನು ಬಾಗಿಲಲ್ಲಿ ನಿಂತವರು ಆಗಾಗ ಕೂಗಿ ಕರೆಯಬೇಕು, ಒಳಗಿದ್ದವರು ಹೂಂಗುಟ್ಟಬೇಕು. ಚಳಿ ತಲೆಗೇರಿದರೆ ಮೊದಲು ಎಳೆಯುವುದು ನಾಲಿಗೆ. ಯಾರ ಹೂಂ ಎಷ್ಟು ಉದ್ದವಾಯಿತು ಎಂದು ಕೇಳಿಯೇ ಆಕೆ, "ನೀನು ಹೊರಗೆ ಬಾ," ಎನ್ನುತ್ತಿದ್ದಳು. ಹೊರಗೆ ಬಂದವರು ಬೈದುಕೊಂಡೇ ಬರುತ್ತಿದ್ದರು. ಅಲ್ಲಿ ಆಕೆಗೆ ಬಾಗಿಲಮ್ಮ ಎಂಬ ಹೆಸರೇ ಉಳಿಯಿತು.

ಇತ್ತೀಚೆಗೆ ಆ ಬಾಗಿಲಮ್ಮನ ಮೈಯಿಂದ ಚಳಿಯೇ ಇಳಿಯುತ್ತಿರಲಿಲ್ಲ. ಮನೆಗೆ ಬಂದು ಎಷ್ಟು ಹೊತ್ತಾದರೂ ಸೊಂಟ, ಮಂಡಿ ಬಿಗಿದೇ ಇರುತ್ತಿದ್ದವು. ಮಾತ್ರೆ ತಂದರೆ, "ಹೊಟ್ಟೆ ಉರಿಯತ್ತೆ ರೀ," ಎಂದು ಪಕ್ಕಕ್ಕಿಡುವಳು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಚಳಿಯಾಗತ್ತೆ ಅಂತ ಹೇಳಕ್ಕೆ ಡಾಕ್ಟರ್ ಯಾಕೆ? ಕೋಟು ಹಾಕ್ಕೊ ಅಂತಾರೆ," ಎನ್ನುವಳು. ಹೀಗಿರುವಾಗ ಸಲೂನಿನ ಗಿರಾಕಿಯೊಬ್ಬರು ಇನ್‌ಫ್ರಾರೆಡ್ ಸೌನಾ ಕಂಬಳಿಯ ಸುದ್ದಿ ಹೇಳಿದರು. ಬಿಸಿ ಮಾಡುವ ಪದರವನ್ನು ಒಳಗಿಟ್ಟು ಹೊಲಿದ, ಚೀಲದಂಥ ಹೊದಿಕೆ. ಅದರೊಳಗೆ ಮಲಗಿ ಕತ್ತಿನವರೆಗೆ ಮುಚ್ಚಿಕೊಂಡರೆ, ತಲೆ ಮಾತ್ರ ಹೊರಗೆ. ಬಿಸಿ ನೇರ ಮೈಗೆ ತಾಗಿ ಚೆನ್ನಾಗಿ ಬೆವರು ಬರುತ್ತದೆ, ಬಿಗಿದ ಮೈ ಸಡಿಲವಾಗುತ್ತದೆ ಎಂದರು.

ಅಂಗಡಿಯವನು ಅದನ್ನು ಹೊಗಳಿದ್ದೇ ಹೊಗಳಿದ್ದು. ತೂಕ ಇಳಿಯುತ್ತದಂತೆ, ಮೈಯೊಳಗಿನ ವಿಷವೆಲ್ಲ ಹೊರಗೆ ಬರುತ್ತದಂತೆ.

"ನನ್ನ ವಿಷ ಎಲ್ಲಾ ನಾಲಿಗೇಲಿದೆ ಅಂತಾಳೆ ನನ್ನ ಹೆಂಡ್ತಿ," ಎಂದ ಸಲೂನಿನವನು. "ಅದೂ ಹೋಗತ್ತಾ?"

"ನಾಲಿಗೆ ಹೊರಗೇ ಇರತ್ತಲ್ಲ ಸಾರ್, ಅದು ಕಷ್ಟ," ಎಂದು ಅಂಗಡಿಯವನೂ ನಕ್ಕ. ಆಮೇಲೆ ಇಬ್ಬರೂ ಕೆಲಸದ ಮಾತಿಗೆ ಬಂದರು. ಒಳಗಿನಿಂದಲೇ ಕೈಯಾರೆ ತೆರೆಯಲು ಬರುತ್ತದೆಯೇ? ಹೊತ್ತು ಮುಗಿದಾಗ, ಬಿಸಿ ಮಿತಿ ಮೀರಿದಾಗ ತಾನಾಗಿ ಆರಿಹೋಗುತ್ತದೆಯೇ? ಗುಂಡಿಗಳ ಡಬ್ಬಿ ಮಲಗಿದವರ ಕೈಗೆ ಎಟುಕುತ್ತದೆಯೇ? ಒಳಪದರ ಒರೆಸಿದರೆ ಶುದ್ಧವಾಗುತ್ತದೆಯೇ? ಒಂದನ್ನು ಹಚ್ಚಿಸಿ ಮೂಸಿ ನೋಡಿದ. ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಬಂತು, ಬೇಡವೆಂದ. ಇನ್ನೊಂದರ ತಂತಿ ತೆಳುವಾಗಿತ್ತು. ಮೂರನೆಯದು ನೋಡಲು ಚೆಂದವಿರಲಿಲ್ಲ, ಆದರೆ ಪರೀಕ್ಷೆಯಾದ ಮುದ್ರೆಯಿತ್ತು, ಗ್ಯಾರಂಟಿಯಿತ್ತು, ಉದ್ದಕ್ಕೂ ಅಂಟುಪಟ್ಟಿಯಿದ್ದು ಒದ್ದರೆ ಬಿಚ್ಚಿಕೊಳ್ಳುವಂತಿತ್ತು. ಅದನ್ನೇ ತಂದ.

ಮನೆಯಲ್ಲಿ ಅದರ ಜೊತೆಗಿದ್ದ ಪುಸ್ತಿಕೆಯನ್ನು ಓದಿ ಒಂದೊಂದೇ ಕೇಳಿದ. ಎದೆನೋವಿದೆಯಾ? ಇಲ್ಲ. ಬಿಪಿ? ಕಂಪನಿಯಲ್ಲಿ ನೋಡಿದ್ದಾರೆ, ಸರಿಯಿದೆ. ಎದೆಯಲ್ಲಿ ಯಂತ್ರ ಕೂರಿಸಿದೆಯಾ?

"ನಿಮ್ಮನ್ನ ಕೂರಿಸ್ಕೊಂಡಿದೀನಿ, ಸಾಲದಾ?"

"ತಮಾಷೆ ಸಾಕು. ಮುಟ್ಟಿದ್ದು ಗೊತ್ತಾಗದೆ ಇರೋದು, ಮೈ ಜೋಮು ಹಿಡಿಯೋದು?"

ಆಕೆ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. "ನೀವು ಮುಟ್ಟಿದ್ದು ಗೊತ್ತಾಗತ್ತೆ ಬಿಡಿ," ಎಂದಳು. ಅವನಿಗೆ ಈ ವಯಸ್ಸಿನಲ್ಲೂ ನಾಚಿಕೆಯಾಗಿ, ಮುಂದಿನ ಪುಟ ತಿರುಗಿಸಿದ.

ಭಾನುವಾರ ಮಧ್ಯಾಹ್ನ, ಊಟ ಅರಗಿದ ಮೇಲೆ, ಮಂಚದ ಮೇಲೆ ಕಂಬಳಿಯನ್ನು ಮಡಿಕೆ ಬಾರದಂತೆ ಹಾಸಿದ. ಒಳಗೆ ಹತ್ತಿಯ ಬಟ್ಟೆ ಹರಡಿದ. ಆಕೆ ತೋಳು, ಕಾಲು ಮುಚ್ಚುವ ಹತ್ತಿಯ ಬಟ್ಟೆ ತೊಟ್ಟು, ಒಂದು ಲೋಟ ನೀರು ಕುಡಿದು ಮಲಗಿದಳು. ಇನ್ನೊಂದು ಲೋಟ ಪಕ್ಕದಲ್ಲಿತ್ತು. ಮೊದಲ ದಿನ ಎಲ್ಲಕ್ಕಿಂತ ಕಡಿಮೆ ಬಿಸಿ, ಸ್ವಲ್ಪವೇ ಹೊತ್ತು, ನಿದ್ದೆ ಮಾಡಕೂಡದು. ಹೀಗೆಂದು ತಾಕೀತು ಮಾಡಿ ಅವನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದ.

"ಹೇಗಿದೆ?"

"ಹಿತವಾಗಿದೆ. ಕಾಲಿಗೆ ಇನ್ನೂ ಬಂದಿಲ್ಲ."

ಮತ್ತೆ ಕೇಳಿದಾಗಲೂ ಅದೇ ಮಾತು, ಕಾಲಿಗೆ ಬಂದಿಲ್ಲ. ಕೋಲ್ಡ್ ಸ್ಟೋರೇಜಿನವರ ಲೆಕ್ಕವೇ ಹಾಗೆ. ಹೊರಗೆ ಬಂದು ಒಲೆಯ ಮುಂದೆ ಕೂತವರು ಮುಖ ಬಿಸಿಯಾಯಿತೆಂದು ಏಳುವುದಿಲ್ಲ. ಎಲ್ಲಕ್ಕಿಂತ ಕೊನೆಗೆ ಬಿಸಿಯಾಗುವುದು ಪಾದ, ಪಾದ ಬೆಚ್ಚಗಾದರೆ ಮೈಯೆಲ್ಲ ಬೆಚ್ಚಗಾದಂತೆ. ಬದುಕೆಲ್ಲ ಈ ಲೆಕ್ಕದಲ್ಲೇ ನಡೆದವಳು ಒಳಗಿನಿಂದಲೇ ಗುಂಡಿ ಒತ್ತಿದಳು. ಬಿಸಿಯನ್ನು ಒಂದು ಮೆಟ್ಟಿಲು ಏರಿಸಿದಳು. ಪಾದಕ್ಕೆ ಏನೂ ತಿಳಿಯಲಿಲ್ಲ. ಇನ್ನೊಂದು ಏರಿಸಿದಳು.

"ಆಯ್ತಲ್ಲ, ಎದ್ದೇಳ್ತೀಯಾ?" ಎಂದು ಅವನು ಕೂಗಿದ.

"ಹೂಂ..." ಎಂದಳು. ಆ ಹೂಂ ಎಳೆದುಕೊಂಡು ಹೋಯಿತು.

ಕೈಯಲ್ಲಿದ್ದ ತಟ್ಟೆ ತೊಟ್ಟಿಗೆ ಬಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಮೊದಲು ಗೋಡೆಯ ಸ್ವಿಚ್ ಆರಿಸಿದ, ಆಮೇಲೆ ಪಟ್ಟಿ ಕಿತ್ತು ಕಂಬಳಿ ತೆರೆದ. ಆಕೆಯ ಮುಖ ಕೆಂಪೇರಿತ್ತು, ಬೆವರಿನಲ್ಲಿ ತೊಯ್ದುಹೋಗಿದ್ದಳು. ಎಬ್ಬಿಸಿ ಒರಗಿಸಿ ಕೂರಿಸಿದ, ಕಿಟಕಿ ತೆರೆದ, ಗುಟುಕು ಗುಟುಕಾಗಿ ನೀರು ಕುಡಿಸಿದ. ಸ್ವಲ್ಪ ಹೊತ್ತಿಗೆ ಆಕೆಯ ಕಣ್ಣುಗಳು ತಿಳಿಯಾದವು.

"ಕಾಲಿಗೆ ಮಾತ್ರ ಬರ್ಲೇ ಇಲ್ಲ ರೀ," ಎಂದಳು, ಅಂಗಡಿಯವನು ಮೋಸ ಮಾಡಿದ ಎಂಬಂತೆ.

ಅವನು ಪಾದ ಮುಟ್ಟಿ ನೋಡಿದ. ಹೊತ್ತಿಸಿದ ದೀಪದ ಗಾಜಿನಂತಿತ್ತು. ಕಿರುಬೆರಳಿನ ಪಕ್ಕದಲ್ಲಿ ಸಣ್ಣ ಗುಳ್ಳೆ ಎದ್ದಿತ್ತು. ತಣ್ಣೀರಿನ ಬಕೆಟ್ಟು ತಂದು ಕಾಲು ಇಳಿಬಿಡಿಸಿದ. ನೀರು ತಣ್ಣಗಿದೆ ಎಂದೂ ಆಕೆ ಹೇಳಲಿಲ್ಲ. ಒಂದು ಕಾಲನ್ನು ನೀರಿನಿಂದ ಎತ್ತಿ ಹಿಡಿದು, ಜೇಬಿನಲ್ಲಿದ್ದ ಬಾಚಣಿಗೆ ತೆಗೆದ.

"ಕಣ್ಣು ಮುಚ್ಕೊ. ಯಾವ ಬೆರಳು ಮುಟ್ಟಿದೀನಿ ಹೇಳು."

"ಹೆಬ್ಬೆರಳು."

ಅವನು ಯಾವ ಬೆರಳನ್ನೂ ಮುಟ್ಟಿರಲಿಲ್ಲ. ಬಾಚಣಿಗೆಯನ್ನು ಅಂಗಾಲಿಗೆ ಒತ್ತಿ ಹಿಡಿದಿದ್ದ. ಆಕೆ ಕಣ್ಣು ತೆರೆದು ಅದನ್ನು ನೋಡಿದಳು.

"ಯಾವಾಗಿಂದ?"

"ಗೊತ್ತಿಲ್ಲ. ಒಂದಿನ ಚಪ್ಪಲಿ ಒಂದೇ ಕಾಲಲ್ಲಿತ್ತು, ಇನ್ನೊಂದು ಬಿದ್ದಿದ್ದೇ ತಿಳೀಲಿಲ್ಲ. ಆವತ್ತಿಂದ ಲೆಕ್ಕ ಹಾಕಿ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಾಗಿಲಿಂದ ಎಬ್ಬಿಸ್ತಿದ್ರಿ. ಕಂಪನಿಯವ್ರೂ ಎಬ್ಬಿಸ್ತಿದ್ರು. ಕಾಲು ಸೋತೋರನ್ನ ಅಲ್ಲಿ ಇಟ್ಕೊಳಲ್ಲ. ನಾನು ಬಾಗಿಲಲ್ಲಿ ಇಲ್ದಿದ್ರೆ ಆ ಹುಡುಗೀರ ಹೂಂ ಯಾರು ಕೇಳ್ತಾರೆ?"

ಅವನು ಟವೆಲು ತಂದ. ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದು ಸಂದನ್ನೂ ಒತ್ತಿ ಒತ್ತಿ ಒರೆಸಿದ. "ನನ್ನ ಹೂಂ ಯಾರು ಕೇಳ್ಬೇಕು?" ಎಂದ. "ಕಾಲು ಕೊಳೆತು ನೀನು ಮಲಗಿದ್ರೆ?"

ಆಕೆ ಅವನ ತಲೆಯ ಮೇಲೆ ಕೈಯಿಟ್ಟಳು. "ನಾಳೆ ಹೋಗೋಣ ನಡೀರಿ."

ಡಾಕ್ಟರು ಪಾದ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಸೇರಿಕೊಂಡಿತ್ತು, ವರ್ಷಗಳ ಚಳಿ ಅದರ ಜೊತೆ ಕೈ ಜೋಡಿಸಿತ್ತು. ಇರುವ ನರಗಳನ್ನು ಉಳಿಸಿಕೊಳ್ಳೋಣ, ಮಾತ್ರೆ ತಪ್ಪಿಸಬೇಡಿ, ದಿನವೂ ಪಾದ ನೋಡಿಕೊಳ್ಳಿ, ಚಳಿಯಿಂದ ದೂರವಿರಿ ಎಂದರು. "ಬಿಸಿ ತಾಗಿದ್ದು ತಿಳಿಯದ ಕಾಲಿಗೆ ಬಿಸಿ ಕೊಡಬಾರದು. ಆ ಕಂಬಳಿ ನಿಮಗೆ ಬೇಡಮ್ಮ."

"ಕೇಳಿಸ್ಕೊಂಡ್ರಾ? ದಂಡ ಆಯ್ತು," ಎಂದಳು ಗಂಡನಿಗೆ.

ದಂಡವಾಗಲಿಲ್ಲ. ದಿನವಿಡೀ ನಿಂತು ನಿಂತು ಸಲೂನಿನವನ ಸೊಂಟವೂ ಸೋತಿತ್ತು. ಅವನ ಎದೆ, ಬಿಪಿ ನೋಡಿ, ಕಡಿಮೆ ಬಿಸಿಯಲ್ಲಿ ಸ್ವಲ್ಪ ಹೊತ್ತಾದರೆ ಅಡ್ಡಿಯಿಲ್ಲವೆಂದು ಡಾಕ್ಟರು ಒಪ್ಪಿದರು. ಈಗ ಅವನು ಅದರೊಳಗೆ ಮಲಗಿದಾಗ ಆಕೆ ಮಂಚದ ಪಕ್ಕದಲ್ಲೇ ಕೂರುತ್ತಾಳೆ. ಗುಂಡಿಗಳ ಡಬ್ಬಿ ಅವನ ಕೈಯಲ್ಲಿ, ಗೋಡೆಯ ಸ್ವಿಚ್ಚು ಅವಳ ಸುಪರ್ದಿನಲ್ಲಿ. ತಲೆ ಹಗುರವೆನಿಸಿದರೆ, ಎದೆ ಡವಗುಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು. ಮುಗಿದ ಮೇಲೆ ಅವನು ತಟಕ್ಕನೆ ಏಳುವಂತಿಲ್ಲ. ಕಂಬಳಿ ತಣ್ಣಗಾದ ಮೇಲೆ ಒರೆಸಿ, ಆರಿಸಿ, ಸುರುಳಿ ಸುತ್ತಿಡುವುದು ಅವನ ಕೆಲಸ.

ಆಕೆಗೆ ಕಷ್ಟವಾದದ್ದು ಕಂಪನಿಯಲ್ಲಿ ಹೇಳುವುದು. ಅವನೂ ಜೊತೆಗೆ ಹೋಗುತ್ತೇನೆಂದ, ಬೇಡವೆಂದಳು. ಮೇಲ್ವಿಚಾರಕಿಯ ಮುಂದೆ ಬೂಟು ಬಿಚ್ಚಿ ನಿಂತು, "ಇವು ಹೋಗಿವೆ. ಮುಚ್ಚಿಟ್ಟಿದ್ದು ತಪ್ಪಾಯ್ತು," ಎಂದಳಂತೆ. ಮೇಲ್ವಿಚಾರಕಿ ತನ್ನ ಬೂಟನ್ನೂ ಬಿಚ್ಚಿ, ಎರಡು ಬೆರಳು ತೋರಿಸಿ, "ನಂಗೂ ಇಲ್ಲಿ ಗೊತ್ತಾಗಲ್ಲ," ಎಂದಳಂತೆ. ಆ ವಾರ ಇನ್ನೂ ಕೆಲವರು ಬಾಯಿ ಬಿಟ್ಟರು.

ಆಕೆ ಈಗ ಬಾಗಿಲಲ್ಲಿ ನಿಲ್ಲುವುದಿಲ್ಲ; ಆ ಕೆಲಸವನ್ನು ಬೇರೊಬ್ಬಳಿಗೆ ಕಲಿಸಿಕೊಟ್ಟಿದ್ದಾಳೆ. ಕೋಲ್ಡ್ ಸ್ಟೋರೇಜಿನ ಹೊರಗೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಒಳಗೆ ಹೋಗುವವರಿಗೆ ಒಣ ಕಾಲುಚೀಲ ಕೊಡುತ್ತಾಳೆ, ಹೊರಗೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಒಬ್ಬೊಬ್ಬರ ಪಾದವನ್ನೂ ಮುಟ್ಟಿ ನೋಡುತ್ತಾಳೆ.