ಅವಸರದ ಗಡಿಯಾರ

ಆ ಭಾನುವಾರವೂ ಅವನು ಹೆಂಡತಿ ಮಗಳಿಗೆ ಬೆನ್ನು ತೋರಿಸಿಕೊಂಡೇ ಗೋಡೆ ಗಡಿಯಾರಕ್ಕೆ ಕೀ ಕೊಟ್ಟ. ಕೊಟ್ಟಾದ ಮೇಲೆ ಕೀಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಬಿಗಿದುಕೊಂಡ. ಸ್ವಂತ ಮನೆಯಲ್ಲಿ, ಒಂದು ಹಳೇ ಗಡಿಯಾರದ ಕೀಗೆ ಇಷ್ಟು ಭದ್ರತೆ ಯಾಕೆ? ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಕೇಳಲಿಲ್ಲ. ಕೇಳಿದರೆ ನಗುತ್ತಾನೆ. ಆ ನಗುವಿನ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ.

ಅವನು ಗಡಿಯಾರ ರಿಪೇರಿಯವನು. ಜನ ಮೊಬೈಲಿನಲ್ಲೇ ಹೊತ್ತು ನೋಡಿಕೊಳ್ಳುವ ಹಾಗಾದ ಮೇಲೆ ಅಂಗಡಿಯ ಅರ್ಧವನ್ನು ಒಬ್ಬ ಕನ್ನಡಕದವನಿಗೆ ಬಿಟ್ಟುಕೊಟ್ಟಿದ್ದ. ಉಳಿದರ್ಧದಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನು ಬಗ್ಗಿಸಿ ಕೂರುತ್ತಿದ್ದ. ಮನೆಗೆ ಬಂದ ಮೇಲೂ ಆ ಕಣ್ಣು ಸ್ವಲ್ಪ ಕಿರಿದಾಗಿಯೇ ಇರುತ್ತಿತ್ತು. ಮಾತು ಕಡಿಮೆ, ತಮಾಷೆ ಜಾಸ್ತಿ. ಎಲ್ಲದರಲ್ಲೂ ಮೋಸ ಹುಡುಕುವ ಹೆಂಡತಿಗೆ 'ಪೊಲೀಸಮ್ಮ' ಎಂದು ಹೆಸರಿಟ್ಟವನು ಅವನೇ.

ಮಗಳು ಹನ್ನೆರಡನೇ ಕ್ಲಾಸು. ಮೆಡಿಕಲ್ಲಿಗೂ ಇಂಜಿನಿಯರಿಂಗಿಗೂ ಪ್ರವೇಶ ಪರೀಕ್ಷೆ ಕಟ್ಟಿದ್ದಳು. ಯಾವುದು ಸಿಕ್ಕರೆ ಅದು ಅನ್ನುವುದು ಅಪ್ಪನ ಮಾತು. ಮೆಡಿಕಲ್ಲೇ ಬೇಕು ಅನ್ನುವುದು ಅವಳ ಹಟ. ತಲೆ ಚುರುಕು. ಕೈ ಮಾತ್ರ ನಿಧಾನ. ಒಂದು ಉತ್ತರ ಗುರುತು ಹಾಕಿದರೆ ಮತ್ತೆ ಹಿಂದೆ ಹೋಗಿ ಅದನ್ನೇ ನೋಡುವವಳು. ಟ್ಯೂಷನ್ ಮೇಷ್ಟ್ರು ಅಪ್ಪನನ್ನು ಕರೆಸಿ ಹೇಳಿದ್ದರು: "ಇವಳಿಗೆ ಬರದೇ ಇರೋದು ಏನೂ ಇಲ್ಲ. ಆದ್ರೆ ಕೊನೇ ಪುಟ ಮುಟ್ಟೋದೇ ಇಲ್ಲ. ಹೀಗಾದ್ರೆ ಸೀಟು ಮರೆತುಬಿಡಿ."

ಅವತ್ತಿನಿಂದ ಶುರುವಾಯಿತು ಭಾನುವಾರದ ಮನೆ ಪರೀಕ್ಷೆ. ನಿಜವಾದ ಪರೀಕ್ಷೆಯಲ್ಲಿ ಕೈಗಡಿಯಾರ ಕಟ್ಟಿಕೊಂಡು ಹೋಗುವ ಹಾಗಿಲ್ಲ, ಪರೀಕ್ಷೆ ಕೋಣೆಯ ಗೋಡೆಯ ಮೇಲೆ ಇರುವುದನ್ನೇ ನೋಡಿಕೊಂಡು ಬರೆಯಬೇಕು. ಅದಕ್ಕೇ ಅಂಗಡಿಯಿಂದ ಈ ಲೋಲಕದ ಗಡಿಯಾರ ತಂದು ರೂಮಿನಲ್ಲಿ ನೇತು ಹಾಕಿದ. ವಾರವೆಲ್ಲ ಅದು ನಿಂತೇ ಇರುತ್ತಿತ್ತು. ಪರೀಕ್ಷೆಯ ಹೊತ್ತಿಗೆ ಬೆರಳಿನಿಂದ ಲೋಲಕ ತಳ್ಳಿ ಓಡಿಸುತ್ತಿದ್ದ, ಮುಗಿದ ಕೂಡಲೇ ಹಿಡಿದು ನಿಲ್ಲಿಸುತ್ತಿದ್ದ.

"ವಯಸ್ಸಾಗಿದೆ ಮಾರಾಯ್ತಿ ಅದಕ್ಕೆ. ದಿನಾ ಓಡು ಅಂದ್ರೆ ಪಾಪ ಅಲ್ವಾ?" ಅನ್ನುತ್ತಿದ್ದ.

ಒಮ್ಮೆ ಮಗಳು ಮುಳ್ಳನ್ನು ಹಿಂದಕ್ಕೆ ತಿರುಗಿಸಲು ಹೋದಾಗ ಮಾತ್ರ ಅವನು ಎಂದೂ ಇಲ್ಲದ ಹಾಗೆ ಗದರಿದ್ದ. "ಗಂಟೆ ಹೊಡೆಯೋ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಬಾರದು, ಒಳಗಿನ ಹಲ್ಲು ಹೋಗುತ್ತೆ. ಮುಂದೆ ಓಡಿದ್ರೆ ನಿಲ್ಲಿಸಿಬಿಡು. ಹೊತ್ತು ತಾನಾಗಿ ಬಂದು ಸೇರೋವರೆಗೆ ಕಾಯಬೇಕು."

ಮಗಳು ಬರೆಯಲು ಕೂತಾಗ ಹೆಂಡತಿ ನೀರಿನ ಮೋಟಾರು ಹಾಕುತ್ತಿದ್ದಳು. ಕೆಳಗಿನ ಮನೆಗೂ ಇವರಿಗೂ ಒಂದೇ ಮೋಟಾರು, ಭಾನುವಾರ ಬೆಳಿಗ್ಗೆ ಇವರ ಪಾಳಿ. ಹಳೇ ಮೋಟಾರು, ತೆವಳಿಕೊಂಡು ನೀರು ಏರಿಸುತ್ತದೆ. ಮೊದಮೊದಲು ಪರೀಕ್ಷೆ ಮುಗಿಯುವುದಕ್ಕೂ ಟ್ಯಾಂಕು ತುಂಬಿ ಸುರಿಯುವುದಕ್ಕೂ ಸರಿಹೋಗುತ್ತಿತ್ತು. ಆಮೇಲಾಮೇಲೆ ಅವನು "ಪೆನ್ನು ಕೆಳಗಿಡು" ಅಂದಾಗಲೂ ಟ್ಯಾಂಕು ತುಂಬಿರುತ್ತಿರಲಿಲ್ಲ. ಅವನು ಚಪ್ಪಲಿ ಮೆಟ್ಟಿ, ಸೈಕಲ್ ಹತ್ತಿ ಹೊರಟೇಬಿಡುತ್ತಿದ್ದ. ಎಲ್ಲಿಗೆ? "ಇಲ್ಲೇ." ಇಲ್ಲೇ ಅಂದರೆ ಎಲ್ಲಿ?

ಅವಳು ಲೆಕ್ಕ ಹಾಕಿದಳು. ಎಲ್ಲೋ ಇಸ್ಪೀಟು ಹಚ್ಚಿಕೊಂಡಿದ್ದಾನೆ. ಬೇಗ ಹೋಗಬೇಕು ಅಂತ ಮಗುವಿನ ಹೊತ್ತನ್ನೇ ಕತ್ತರಿಸುತ್ತಿದ್ದಾನೆ.

ಆ ಭಾನುವಾರ ಮಗಳು ಪೆನ್ನು ಕೆಳಗಿಡಲಿಲ್ಲ. ಬಿಸಾಕಿದಳು. ಉತ್ತರದ ಹಾಳೆಯ ಕೊನೆಯ ಸಾಲುಗಳಲ್ಲಿ ತುಂಬಬೇಕಾದ ಸೊನ್ನೆಗಳಿಗೆ ಮಸಿ ತಾಗಿರಲಿಲ್ಲ.

"ನನ್ನ ಕೈಲಿ ಆಗಲ್ಲ ಅಪ್ಪ. ಎಷ್ಟು ಓಡಿದ್ರೂ ಆಗಲ್ಲ."

"ಆಗುತ್ತೆ ಮರಿ. ಹೋದ ವಾರಕ್ಕಿಂತ ಮುಂದೆ ಬಂದಿದೀಯ."

ಹೆಂಡತಿ ಒಳಗಿನಿಂದಲೇ ಕೂಗಿದಳು. "ರೀ, ಟ್ಯಾಂಕು ಇನ್ನೂ ತುಂಬಿಲ್ಲ!"

"ಟ್ಯಾಂಕು ಮೆಡಿಕಲ್ ಓದ್ತಾ ಇಲ್ಲ ಕಣೇ, ಅದಕ್ಕೆ ಅವಸರ ಇಲ್ಲ."

"ತಮಾಷೆ ಬೇಡ. ಎಲ್ಲಿಗೆ ಓಡ್ತೀರ ಮಗೂನ ಅಳಿಸಿ?"

"ಪೊಲೀಸಮ್ಮ, ಪರೀಕ್ಷೆ ಬರಲಿ ತಡಿ. ಎಲ್ಲಾ ಒಪ್ಪಿಸ್ತೀನಿ. ಆಮೇಲೆ ಬೇಕಾದ್ರೆ ಲಾಕಪ್ಪಿಗೆ ಹಾಕು."

ಕಿರಿದು ಮಾಡಿದ ಕಣ್ಣಲ್ಲೇ ನಕ್ಕು ಸೈಕಲ್ ಹತ್ತಿದ. ಅವಳು ಬಾಗಿಲನ್ನು ದಢಾರನೆ ಹಾಕಿಕೊಂಡಳು. ಅವಳಿಂದ ಅವನು ಕೇಳಿದ ಕೊನೆಯ ಸದ್ದು ಅದೇ. ರಾತ್ರಿ ಅವಳು ಮುನಿದುಕೊಂಡೇ ಮಲಗಿದಳು.

ಮಾರನೇ ದಿನ, ಅವಳಿಗೆ ಇನ್ನೂ ಎಚ್ಚರವಾಗುವ ಮೊದಲೇ ಎದ್ದು ಹೋಗಿದ್ದ. ಅಂಗಡಿಯಲ್ಲಿ, ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ನಿದ್ದೆ ಹೋಗಿದ್ದಾರೆ ಅಂದುಕೊಂಡೆ ಅಂದ ಕನ್ನಡಕದವನು. ಕಣ್ಣಿನ ಭೂತಗನ್ನಡಿ ಹಾಗೇ ಇತ್ತಂತೆ. ಆಸ್ಪತ್ರೆಯವರು ಅವನ ಕೈಗಡಿಯಾರವನ್ನೂ ಗಡಿಯಾರದ ಕೀಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಕೈಗಡಿಯಾರ ಓಡುತ್ತಲೇ ಇತ್ತು. ಅವಳು ಅದನ್ನು ಕೈಗೆ ಕಟ್ಟಿಕೊಂಡಳು. ದೊಡ್ಡದು. ಮೊಣಕೈವರೆಗೆ ಜಾರುತ್ತಿತ್ತು.

ಬಂದವರೆಲ್ಲ ಹೋದ ಮೇಲೆ ಮಗಳು ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳಿದಳು.

"ನಾನು ಪರೀಕ್ಷೆಗೆ ಹೋಗಲ್ಲ ಅಮ್ಮ. ಅಪ್ಪನ ಅಂಗಡೀಲಿ ಕೂರ್ತೀನಿ."

"ಕೂತು ಏನು ಮಾಡ್ತೀಯ? ಸ್ಕ್ರೂ ಎತ್ತೋಕೆ ಬರುತ್ತಾ ನಿಂಗೆ?"

"ಹೇಗಿದ್ರೂ ಕೊನೇ ಪುಟ ಮುಟ್ಟಲ್ಲ. ಅಪ್ಪ ಇದ್ದಾಗಲೇ ಆಗಲಿಲ್ಲ."

ಅಮ್ಮನ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಮಗಳ ಪುಸ್ತಕದ ಒಂದು ಅಕ್ಷರವೂ ಹತ್ತುತ್ತಿರಲಿಲ್ಲ. ಆದರೆ ಆ ಮನುಷ್ಯ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬೆನ್ನು ಬಗ್ಗಿಸಿ ಕೂತಿದ್ದು ಮಗಳೂ ಅಲ್ಲೇ ಬಂದು ಬಗ್ಗಲಿ ಅಂತ ಅಲ್ಲ, ಅಷ್ಟು ಗೊತ್ತಿತ್ತು.

"ಒಂದೇ ಒಂದು ಭಾನುವಾರ ಬರಿ. ಆಮೇಲೆ ನಿನ್ನಿಷ್ಟ."

"ಗಡಿಯಾರ ಯಾರು ನೋಡ್ತಾರೆ?"

"ನಾನಿಲ್ವಾ?"

ಅವಳು ಅವನ ಹಾಗೆಯೇ ಕೀ ಕೊಟ್ಟಳು. ಕೈಗಡಿಯಾರ ನೋಡಿ ಅದರ ಹೊತ್ತಿಗೆ ಮುಳ್ಳನ್ನು ಮುಂದಕ್ಕೆ ತಂದಳು. ಬೆರಳಿನಿಂದ ಲೋಲಕ ತಳ್ಳಿದಳು. ಮೋಟಾರು ಹಾಕಿ ಬಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಲೋಲಕ ಟಕಟಕ ಅನ್ನುತ್ತಿತ್ತು. ಯಾರೋ ಅಟ್ಟಿಸಿಕೊಂಡು ಬರುವವರ ಹೆಜ್ಜೆಯ ಹಾಗೆ.

ಗೋಡೆಯ ಗಡಿಯಾರ ಮುಗಿಯಿತು ಅಂದಿತು. ಮಗಳು ಹಾಳೆ ತಳ್ಳಿ ಎದ್ದಳು. ಅಮ್ಮ ಕೈ ನೋಡಿಕೊಂಡಳು. ಕೈಗಡಿಯಾರ ಇನ್ನೂ ಹಿಂದೆ ಇತ್ತು, ಚೆನ್ನಾಗಿ ಹಿಂದೆ.

ಮೊದಲು ಅವಳ ಅನುಮಾನ ಹೋಗಿದ್ದು ಆಸ್ಪತ್ರೆಯವರ ಮೇಲೆ. ಒಳ್ಳೇದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಕೊಟ್ಟಿದ್ದಾರೆ. ಟ್ಯಾಂಕು ನೋಡಿದಳು, ಅದೂ ತುಂಬಿರಲಿಲ್ಲ. ಹಾಗಾದರೆ ಕೆಳಗಿನ ಮನೆಯವಳು ಪೈಪಿಗೆ ಏನೋ ಮಾಡಿ ನೀರು ಕದಿಯುತ್ತಿದ್ದಾಳೆ. ಅವಳ ಜೊತೆ ಜಗಳಕ್ಕೆ ಅರ್ಧ ಮೆಟ್ಟಿಲು ಇಳಿದವಳು ನಿಂತಳು. ಟ್ಯಾಂಕು, ಕೈಗಡಿಯಾರ ಎರಡೂ ಒಂದೇ ಮಾತು ಹೇಳುತ್ತಿವೆ. ಬೇರೆ ಮಾತು ಹೇಳುತ್ತಿರುವುದು ಗೋಡೆಯ ಮೇಲಿರುವುದು.

ತಿರುಗಿ ಹತ್ತಿ ಬಂದಳು. ಗಡಿಯಾರವನ್ನು ಗೋಡೆಯಿಂದ ಇಳಿಸಿ, ಹಳೇ ಸೀರೆಯಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ಅಂಗಡಿಗೆ ಹೋದಳು.

ಕನ್ನಡಕದವನು ಅದನ್ನು ನೋಡಿದವನೇ ಕಣ್ಣು ತಪ್ಪಿಸಿದ. ಅವಳು ಬಿಡುವವಳೇ?

"ಏನಿದು ಹೇಳು."

"ನಂಗೇನು ಗೊತ್ತು ಅತ್ತಿಗೆ? ನಾನು ಕನ್ನಡಕದವನು."

"ಕನ್ನಡಕದವನಿಗೆ ಕಣ್ಣಿಲ್ವಾ? ನಿನ್ನ ಪಕ್ಕದಲ್ಲೇ ಕೂತು ಮಾಡಿರೋದು."

ಅವನು ಲೋಲಕ ಬಿಚ್ಚಿ ಬೆಳಕಿಗೆ ಹಿಡಿದ. ಕಡ್ಡಿಯ ನಡುವೆ ಒಂದು ಬೆಸುಗೆ. ಬೆರಳಿಗೆ ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

"ಕಡ್ಡಿ ಕತ್ತರಿಸಿ ಗಿಡ್ಡ ಮಾಡಿದಾರೆ. ಗಿಡ್ಡ ಆದ್ರೆ ಬೇಗ ಬೇಗ ಆಡುತ್ತೆ. ಗಡಿಯಾರ ಮುಂದೆ ಮುಂದೆ ಓಡುತ್ತೆ."

"ಯಾಕೆ?"

"ಮಗಳು ಇದರ ಜೊತೆ ಓಡೋದು ಕಲೀಲಿ, ಪರೀಕ್ಷೆ ದಿನ ನಡೆದ್ರೂ ಸಾಕಾಗುತ್ತೆ ಅಂತಿದ್ರು. ಹಿಂದಿನ ದಿನ ಸಂಜೆ ಕೂರಿಸಿಕೊಂಡು ಹೇಳ್ತೀನಿ, ಆ ಖುಷೀಲೇ ಹೋಗಿ ಬರೀತಾಳೆ ಅಂತ. ಮೊದಲೇ ಗೊತ್ತಾದ್ರೆ ನಿಧಾನ ಮಾಡ್ತಾಳಂತೆ. ನಿಮಗೆ ಹೇಳಿದ್ರೆ..." ಅವನು ತಡವರಿಸಿದ.

"ನಂಗೆ ಹೇಳಿದ್ರೆ?"

"ನಿಮ್ಮ ಹೊಟ್ಟೇಲಿ ಮಾತು ನಿಲ್ಲಲ್ಲ ಅಂತಿದ್ರು ಅತ್ತಿಗೆ. ನಾನಂದಿದ್ದಲ್ಲ."

"ಪರೀಕ್ಷೆ ಆದ ಕೂಡಲೇ ಓಡ್ತಿದ್ದಿದ್ದು ಎಲ್ಲಿಗೆ?"

"ಟ್ಯೂಷನ್ನಿನವರ ಕಡೆಗೆ. ಅಲ್ಲಿನ ಗಡಿಯಾರಗಳನ್ನೆಲ್ಲ ಸರಿ ಮಾಡಿಕೊಟ್ಟು, ಹಳೇ ಪ್ರಶ್ನೆಪತ್ರಿಕೆ ತರ್ತಿದ್ರು. ಅವರು ಬೀಗ ಹಾಕೋದ್ರೊಳಗೆ ಹೋಗಬೇಕಿತ್ತು."

ಇಸ್ಪೀಟೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಸಮಾಧಾನ ಆಗಬೇಕಿತ್ತು. ಮೈಯೆಲ್ಲ ಉರಿಯಿತು. ಎಂಥ ಮನುಷ್ಯ! ಮಗಳು ವಾರ ವಾರ ಅತ್ತರೂ ನೋಡಿಕೊಂಡು ಕೂತ. ಗುಟ್ಟನ್ನು ಕಟ್ಟಿಟ್ಟು, ಬಿಚ್ಚುವ ದಿನ ಬರುವ ಮೊದಲೇ ಹೋಗಿಬಿಟ್ಟ. ತಾನು ಸಾಯುವುದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿರಲಿಲ್ಲ.

ದಾರಿಯಲ್ಲಿ ಇನ್ನೊಂದು ಯೋಚನೆ ಹೊಕ್ಕಿತು. ಅವನು ಅಂದುಕೊಂಡ ಹಾಗೆ ಹಿಂದಿನ ದಿನದವರೆಗೂ ಕಾಯಬೇಕೇ? ಕಾದರೆ ಹುಡುಗಿ ಅಂಗಡಿಯಲ್ಲಿ ಕೂತಿರುತ್ತಾಳೆ. ಮನೆ ಸೇರಿದವಳೇ ಹೇಳಿಬಿಟ್ಟಳು. ಅವನಂದದ್ದು ನಿಜವೇ, ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಮಗಳು ಅವಳ ಮುಖವನ್ನೇ ನೋಡಿದಳು. "ಸುಳ್ಳು. ನನ್ನನ್ನ ಪರೀಕ್ಷೆಗೆ ಕಳಿಸೋಕೆ ಕಥೆ ಕಟ್ತಿದೀಯ."

ಪೊಲೀಸಮ್ಮನ ಮಗಳು ಅಲ್ಲವೇ! ಅಮ್ಮ ಸುತ್ತಿದ್ದ ಸೀರೆ ಬಿಚ್ಚಿದಳು. ಗಡಿಯಾರವನ್ನು ಮೊಳೆಗೆ ಹಾಕಿದಳು. ಕೈಯಿಂದ ಅವನ ಕೈಗಡಿಯಾರ ಬಿಚ್ಚಿ ಪಕ್ಕದ ಮೊಳೆಗೆ ನೇತು ಹಾಕಿದಳು. ಎರಡಕ್ಕೂ ಒಂದೇ ಹೊತ್ತು ಇಟ್ಟು ಲೋಲಕ ತಳ್ಳಿದಳು.

"ಕೂತ್ಕೊ. ನನ್ನ ನಂಬಬೇಡ, ಅದನ್ನ ನೋಡು."

ಇಬ್ಬರೂ ನೆಲದ ಮೇಲೆ ಕೂತರು. ಕಿಟಕಿಯ ಬಿಸಿಲು ಮಂಚದಿಂದ ಇಳಿದು ಬಾಗಿಲ ಕಡೆ ಹೋಯಿತು. ದೊಡ್ಡ ಗಡಿಯಾರದ ಮುಳ್ಳು ಚಿಕ್ಕದರ ಮುಳ್ಳನ್ನು ಬಿಟ್ಟು ಮುಂದೆ ಸರಿಯಿತು. ಮೊದಲು ಕೂದಲೆಳೆಯಷ್ಟು. ಆಮೇಲೆ ಯಾರಿಗೂ ಕಾಣುವಷ್ಟು.

"ಇಷ್ಟು ದಿನ ನಾನು ದಡ್ಡಿ ಅಂದ್ಕೊಂಡಿದ್ದೆ ಅಮ್ಮ. ದಿನಾ ಅಂದ್ಕೊಂಡಿದ್ದೆ."

"ಬೈಯಿ. ಜೋರಾಗಿ ಬೈಯಿ. ನಾನೂ ಬೈದೆ ದಾರೀಲಿ."

ಮಗಳು ಬೈಯಲಿಲ್ಲ. ಎದ್ದು ಹೋಗಿ ಗೋಡೆಗೆ ಹಣೆ ಒತ್ತಿ ಅತ್ತಳು, ಅವನು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಬಗ್ಗಿ ಮಂಚದ ಕೆಳಗಿನಿಂದ ಪುಸ್ತಕ ಎಳೆದಳು. ಎಳೆಯುತ್ತಲೇ ಅಂದಳು: "ಆ ಕಡ್ಡಿ ಸರಿ ಮಾಡಿಸಬೇಡ. ಪರೀಕ್ಷೆವರೆಗೂ ಹಾಗೇ ಓಡಲಿ."

ಪರೀಕ್ಷೆಯ ದಿನ ಅವಳು ಗೇಟಿನವರೆಗೂ ಹೋದಳು. ಮಗಳು ಒಳಗೆ ಹೋದ ಮೇಲೆ ಗೇಟು ಕಾಯುವವನ ಹತ್ತಿರ ನಿಂತಳು.

"ಅಪ್ಪಾ, ಒಳಗಿನ ಗಡಿಯಾರ ಸರಿ ಇದೆಯೇನಪ್ಪ?"

"ಗಡಿಯಾರನಾ? ಎಲ್ರೂ ಟಾಯ್ಲೆಟ್ ಎಲ್ಲಿ ಅಂತ ಕೇಳ್ತಾರೆ, ಗಡಿಯಾರ ಕೇಳಿದವರು ನೀವೊಬ್ಬರೇ."

"ಯಾರು ಕೀ ಕೊಡೋದು? ನಂಬಿಕಸ್ಥನಾ?"

"ಬ್ಯಾಟರಿ ಅಮ್ಮ ಅದು. ಹೋಗಿ ಆ ನೆರಳಲ್ಲಿ ಕೂತ್ಕೊಳ್ಳಿ."

ನೆರಳಲ್ಲಿ ಕೂತಳು. ಕೈಯಲ್ಲಿದ್ದ ಗಡಿಯಾರದ ಮೇಲಿಂದ ಕಣ್ಣು ತೆಗೆಯಲಿಲ್ಲ. ಪರೀಕ್ಷೆ ಮುಗಿದ ಗಂಟೆ ಹೊಡೆದಾಗ ಮುಳ್ಳು ಸರಿಯಾದ ಜಾಗದಲ್ಲೇ ಇತ್ತು. ಬ್ಯಾಟರಿ ಮೋಸ ಮಾಡಿರಲಿಲ್ಲ.

ಮಗಳು ಎಲ್ಲರಿಗಿಂತ ಹಿಂದೆ, ಆರಾಮಾಗಿ ನಡೆದುಕೊಂಡು ಬಂದಳು.

"ಕೊನೇ ಪುಟ?"

"ಮುಗೀತು. ಮತ್ತೆ ಮೊದಲಿಂದ ನೋಡಿದೆ. ಅದೂ ಮುಗೀತು. ಆಮೇಲೆ ಕಿಟಕಿ ನೋಡ್ತಾ ಕೂತಿದ್ದೆ."

"ಕಿಟಕೀಲಿ ಏನಿತ್ತು?"

"ಏನೂ ಇರಲಿಲ್ಲಮ್ಮ."

ಸೀಟು ಮೊದಲ ಪಟ್ಟಿಯಲ್ಲಿ ಬರಲಿಲ್ಲ. ಯಾರೋ ದುಡ್ಡು ಕೊಟ್ಟು ತಮ್ಮ ಸೀಟು ಹೊಡೆದರು ಅಂತ ಅವಳು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಎರಡನೇ ಪಟ್ಟಿಯಲ್ಲಿ ಬಂತು. ಮೆಡಿಕಲ್ಲೇ. ಆಗಲೂ ಅವಳು ಮೇಷ್ಟ್ರ ಹತ್ತಿರ ಹೋಗಿ, ಹೆಸರು ನಮ್ಮದೇನಾ ಎಂದು ಇನ್ನೊಂದು ಸಲ ಓದಿಸಿದಳು. ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ. ಫೋನಿನಲ್ಲಿ, ಹೆಣ ಕೊಯ್ಯುವ ಕ್ಲಾಸಿನಲ್ಲೂ ನಾನೇ ಮೊದಲು ಮುಗಿಸುವುದು ಅನ್ನುತ್ತಾಳೆ.

ಗಡಿಯಾರ ಗೋಡೆಯ ಮೇಲೇ ಇದೆ. ಈಗ ಅದು ದಿನವೂ ಓಡುತ್ತದೆ, ಮೊದಲಿನ ಹಾಗೆ ವಾರವೆಲ್ಲ ನಿಲ್ಲಿಸಿಡಲು ಅವಳಿಗೆ ಮನಸ್ಸಿಲ್ಲ. ಕನ್ನಡಕದವನು ಯಾರನ್ನಾದರೂ ಕರೆತಂದು ಕಡ್ಡಿ ಉದ್ದ ಮಾಡಿಸುತ್ತೇನೆ ಅಂದ. ಇನ್ನೊಬ್ಬನ ಬೆಸುಗೆ ನಂಬುವುದು ಹೇಗೆ? ಬೇಡ ಅಂದಳು.

ರಾತ್ರಿಯೆಲ್ಲ ಓಡಿ ಓಡಿ ಬೆಳಗಾಗುವುದರೊಳಗೆ ಅದು ಎಲ್ಲೋ ಮುಂದೆ ಹೋಗಿರುತ್ತದೆ. ಅವಳು ಎದ್ದ ಕೂಡಲೇ ಅವನ ಕೈಗಡಿಯಾರ ನೋಡುತ್ತಾಳೆ. ಗೋಡೆಯ ಹತ್ತಿರ ಹೋಗಿ ಲೋಲಕವನ್ನು ಬೆರಳಲ್ಲಿ ಹಿಡಿದು ನಿಲ್ಲಿಸುತ್ತಾಳೆ. ಮುಳ್ಳನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಕಸ ಗುಡಿಸುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮೋಟಾರು ಹಾಕಿ ಬರುತ್ತಾಳೆ. ಆಗಾಗ ಬಂದು ಕೈಗಡಿಯಾರವನ್ನು ಗೋಡೆಯ ಗಡಿಯಾರಕ್ಕೆ ಹಿಡಿದು ನೋಡುತ್ತಾಳೆ. ಹೊತ್ತು ಬಂದು ಸೇರಿದಾಗ ಕೀ ಕೊಟ್ಟು, ಲೋಲಕವನ್ನು ಮೆಲ್ಲಗೆ ತಳ್ಳುತ್ತಾಳೆ.